ಡುಲ್ಸಿನ್ ಬಾಯಿಯ ಬೊಗಸೆ ನೀರು

ಡುಲ್ಸಿನ್ ಲಸ್ರಾದೊ ಹಟಮಾರಿ ಹೆಂಗಸು. ತನ್ನ ಹಟಕ್ಕೆ ಭಕ್ತಿಯೆಂದು ಹೆಸರಿಟ್ಟುಕೊಂಡಿದ್ದಳು. ಇನ್ನೊಬ್ಬರನ್ನು ಕೇಳಿ ಮಾಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಅವಳು ತೀರಿಕೊಂಡಾಗ ಇಗರ್ಜಿಯಲ್ಲಿ ಆಡಿದ ಮಾತುಗಳನ್ನು ಕೇಳಿದರೆ, ಬೇರೆ ಯಾರನ್ನೋ ಮಣ್ಣು ಮಾಡಲು ಬಂದಿದ್ದೇವೆ ಎನಿಸುವಂತಿತ್ತು. ಸತ್ತವರನ್ನು ಸಕ್ಕರೆಪಾಕದಲ್ಲಿ ಅದ್ದುವುದು ನಮ್ಮವರ ಪದ್ಧತಿ. ನನಗೆ ಅದು ಬರುವುದಿಲ್ಲ.

ಅವಳ ತಂದೆ ಮಂಗಳೂರು ಬಂದರಿನ ಒಂದು ಹಂಚಿನ ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ಮನೆಯ ಹೆಣ್ಣುಮಕ್ಕಳಲ್ಲಿ ಮದುವೆಯಾಗದೆ ಉಳಿದವಳು ಇವಳೊಬ್ಬಳೇ. ನರ್ಸಿಂಗ್ ಕಲಿತು ಕೆಲವು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದಳು. ಬೆನ್ನುನೋವು ಶುರುವಾದ ಮೇಲೆ ನಮ್ಮ ಮಹಿಳಾ ಕಾಲೇಜಿನ ಹಾಸ್ಟೆಲಿಗೆ ಮೇಟ್ರನ್ ಆಗಿ ಬಂದಳು. ನಾನು ಅಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಹುಡುಗಿಯರು ಅವಳನ್ನು, ನಮ್ಮಲ್ಲಿ ಹಿರಿಯ ಹೆಂಗಸರನ್ನು ಕರೆಯುವಂತೆ, ಡುಲ್ಸಿನ್ ಬಾಯಿ ಎನ್ನುತ್ತಿದ್ದರು, ಎದುರಿನಲ್ಲಿ ಮಾತ್ರ. ಹಿಂದಿನಿಂದ ಅವಳ ಹೆಸರು ಹರಳೆಣ್ಣೆ. ಹೊಟ್ಟೆನೋವಿಗೂ ಹರಳೆಣ್ಣೆ, ಮನೆಯ ನೆನಪಾಗಿ ಅತ್ತವರಿಗೂ ಹರಳೆಣ್ಣೆ.

ಅವಳ ಬಗ್ಗೆ ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತಿತ್ತು. ಪಾದ್ರಿ ಬರುವಷ್ಟರಲ್ಲಿ ಪ್ರಾಣ ಹೋಗುವಂತಿದ್ದರೆ ಯಾರು ಬೇಕಾದರೂ ಹಣೆಗೆ ನೀರು ಸುರಿದು, ಕ್ರೈಸ್ತರನ್ನಾಗಿಸುವ ಜ್ಞಾನಸ್ನಾನ ಕೊಡಬಹುದೆಂದು ನಮ್ಮ ಕಾಲದ ಕ್ಯಾಥೊಲಿಕ್ ನರ್ಸುಗಳಿಗೆ ಕಲಿಸುತ್ತಿದ್ದರು. ಮಗು ಸಾಯುತ್ತಿದ್ದರೆ ತಂದೆತಾಯಿಗಳ ಧರ್ಮ ಯಾವುದು, ಅವರ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ ಏಳುವುದಿಲ್ಲ ಎಂಬುದು ಆಗಿನ ಬೋಧನೆ. ಡುಲ್ಸಿನ್ ವಾರ್ಡಿನಲ್ಲಿ ಹಣೆ ಒರೆಸುವ ನೆಪದಲ್ಲಿ ಹಾಗೆ ಮಾಡಿದ್ದಳು. ಅದನ್ನು ಮುಚ್ಚಿಡುವವಳೂ ಅಲ್ಲ. "ಮೇಲೆ ನನಗಾಗಿ ಕಾಯುವ ಮಕ್ಕಳು ತುಂಬ ಉಂಟು," ಎನ್ನುತ್ತಿದ್ದಳು, ಪೇಟೆಯಲ್ಲಿ ಗುರುತಿನವರು ಇದ್ದಾರೆ ಎನ್ನುವ ಹಾಗೆ.

ಸಾವಿರದ ಒಂಬೈನೂರ ಐವತ್ತೇಳರ ದಸರಾ ರಜೆಯಲ್ಲಿ ಕಾಲೇಜಿನ ಹುಡುಗಿಯರ ಒಂದು ತಂಡ ವಾಮಂಜೂರಿನಿಂದಾಚೆ, ಹೊಳೆಯ ಬದಿಯ ಪೆರ್ಲಗುಡ್ಡೆ ಎಂಬ ಹಳ್ಳಿಗೆ ಸೇವೆಗೆಂದು ಹೊರಟಿತು. ಒಂದು ವಾರ ಅಲ್ಲಿದ್ದು ಮಕ್ಕಳಿಗೆ ಅಕ್ಷರ ಕಲಿಸುವುದು, ಹುಣ್ಣು ತೊಳೆದು ಮದ್ದು ಹಚ್ಚುವುದು, ಮಳೆಗೆ ಕೊಚ್ಚಿಹೋದ ಕಾಲುದಾರಿಗೆ ಕಲ್ಲು ಹಾಕುವುದು, ಅಲ್ಲಿನ ಕೆಲವೇ ಕ್ರೈಸ್ತ ಮನೆಗಳಲ್ಲಿ ಜಪ ಕಲಿಸುವುದು. ಮೇಲ್ವಿಚಾರಣೆ ನನ್ನದು. ಮದ್ದಿನ ಪೆಟ್ಟಿಗೆ ಡುಲ್ಸಿನ್‌ಳದು.

ಮೊದಲ ದಿನವೇ ಊರಿನ ಪಟೇಲರನ್ನು ನೋಡಲು ಹೋದೆವು. ಎಳನೀರು ಕೊಡಿಸಿದರು. ಆಮೇಲೆ ನೇರ ಮಾತಿಗೆ ಬಂದರು.

"ಮದ್ದು ಕೊಡಿ, ಪಾಠ ಹೇಳಿ, ಸಂತೋಷ. ನಮ್ಮ ಮಕ್ಕಳ ತಲೆಗೆ ನೀರು ಹಾಕುವ ಕೆಲಸ ಮಾತ್ರ ಬೇಡ. ಹಾಕಿದಿರೋ, ಅದೇ ದಿನ ಗಂಟುಮೂಟೆ. ಮತ್ತೆ ಯಾವ ಕಾಲೇಜಿನವರೂ ಈ ಊರಿಗೆ ಕಾಲಿಡ್ಲಿಕ್ಕಿಲ್ಲ."

"ಹಾಗೆ ಆಗುವುದಿಲ್ಲ. ನಾನು ಮಾತು ಕೊಡ್ತೇನೆ," ಎಂದೆ.

ಹೊರಗೆ ಬಂದು ಕೊಡೆ ಬಿಚ್ಚುತ್ತ ಡುಲ್ಸಿನ್ ಹೇಳಿದಳು: "ಮಾತು ಕೊಟ್ಟದ್ದು ನೀವು, ಮಿಸ್. ನಾನಲ್ಲ."

ಆ ಹೊತ್ತಿನಿಂದ ನನಗೆ ನೆಮ್ಮದಿ ಇರಲಿಲ್ಲ.

ಮೊದಲ ತೊಂದರೆ ಬೇಗನೆ ಬಂತು. ಹುಣ್ಣಿಗೆ ಮದ್ದು ಹಚ್ಚಿಸಿಕೊಳ್ಳಲು ಬಂದ ಮಕ್ಕಳ ಕೊರಳಿಗೆಲ್ಲ ನಮ್ಮ ತಂಡದ ಡಾಲಿ ಎಂಬ ಹುಡುಗಿ ಮಾತೆ ಮರಿಯಳ ಪದಕವನ್ನು ನೂಲಿನಲ್ಲಿ ಪೋಣಿಸಿ ಕಟ್ಟಿ ಕಳಿಸಿದ್ದಳು. ಕೊಟ್ಟವಳು ಡುಲ್ಸಿನ್. ಮದ್ದಿನ ಪೆಟ್ಟಿಗೆಯ ತಳದಲ್ಲಿ, ಹತ್ತಿಯ ಕೆಳಗೆ, ಒಂದು ಪೊಟ್ಟಣ ತುಂಬ ತಂದಿದ್ದಳಂತೆ. ಮರುದಿನ ಬೆಳಿಗ್ಗೆ ಲಕ್ಷ್ಮೀ ಎಂಬ ಹೆಂಗಸು ಬಂದು ಕಡಿದ ನೂಲನ್ನೂ ಪದಕವನ್ನೂ ನಮ್ಮ ಬಿಡಾರದ ಜಗಲಿಯ ಮೇಲೆ ಎಸೆದಳು. ಅವಳದು ಹೊಳೆಯಲ್ಲಿ ಮೀನು ಹಿಡಿಯುವವರ ಮನೆ. ಪದಕ ಅವಳ ಮೊಮ್ಮಗನ ಕೊರಳಿನದು. ಇನ್ನೂ ಕುಳಿತುಕೊಳ್ಳಲು ಕಲಿಯುತ್ತಿದ್ದ ಕೂಸು.

"ಎಂತ ಇದು? ಮದ್ದಾ?"

"ಮದ್ದಿಗಿಂತ ಮೇಲು," ಎಂದಳು ಡುಲ್ಸಿನ್.

"ಹಾಗಾದ್ರೆ ನೀವೇ ಕಟ್ಟಿಕೊಳ್ಳಿ. ಕುತ್ತಿಗೆಯಲ್ಲಿ ಈಗಾಗಲೇ ಒಂದು ಉಂಟಲ್ಲ, ಪಾಪ, ಅದಕ್ಕೊಂದು ಜೊತೆಯಾಗ್ತದೆ."

ಹುಡುಗಿಯರು ನಕ್ಕರು. ನಾನು ನಗಲಿಲ್ಲ. ಉಳಿದ ಪದಕಗಳನ್ನು ಕೇಳಿ ತೆಗೆದುಕೊಂಡು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಆ ಪದಕದ ಬೆಲೆಯನ್ನು ನಾವು ಎರಡು ದಿನಗಳಲ್ಲಿ ತೆರಬೇಕಾಯಿತು. ಲಕ್ಷ್ಮೀಯ ಮೊಮ್ಮಗನಿಗೆ ವಾಂತಿಭೇದಿ ಹಿಡಿದಿದೆಯೆಂದು ಸುದ್ದಿ ಬಂತು. ತಾಯಿ ಜಲಜಾಕ್ಷಿಗೂ ಹಿಡಿದಿತ್ತು, ಆದರೆ ಅವಳು ಓಡಾಡುತ್ತಿದ್ದಳು. ಯಾರೂ ನಮ್ಮನ್ನು ಕರೆಯಲಿಲ್ಲ. ಡುಲ್ಸಿನ್ ಕರೆಯದೆಯೇ ಹೊರಟಳು. ನಾನೂ ಡಾಲಿಯೂ ಅವಳ ಹಿಂದೆ ಗದ್ದೆಯ ಬದುವಿನ ಮೇಲೆ ಓಡಬೇಕಾಯಿತು.

ಕೂಸು ಅಳುವುದನ್ನೂ ಬಿಟ್ಟಿತ್ತು. ನೆತ್ತಿ ಒಳಗೆ ಇಳಿದಿತ್ತು. ಡುಲ್ಸಿನ್ ಅದರ ಹೊಟ್ಟೆಯ ಚರ್ಮವನ್ನು ಮೆಲ್ಲನೆ ಚಿವುಟಿ ಬಿಟ್ಟಳು. ಚರ್ಮ ಮಡಿಕೆಯಾಗಿ ಹಾಗೆಯೇ ನಿಂತಿತು.

"ಮಂಗಳೂರಿಗೆ ಒಯ್ಯಬೇಕು. ಈಗಲೇ. ಸಲೈನ್ ಹಾಕದಿದ್ದರೆ ಇದು ಉಳಿಯುವುದಿಲ್ಲ."

ಲಕ್ಷ್ಮೀ ಬಾಗಿಲಿಗೆ ಅಡ್ಡ ನಿಂತಳು. ಮಾತು ನಡೆದದ್ದು ತುಳುವಿನಲ್ಲಿ. "ನಿಮ್ಮ ಜೊತೆ ಕಳಿಸುದಿಲ್ಲ. ಮೊನ್ನೆ ಕೊರಳಿಗೆ ನೂಲು, ಇವತ್ತು ತಲೆಗೆ ನೀರು, ನಾಳೆ ಇವನು ನಮ್ಮವನೇ ಅಲ್ಲ. ನನ್ನ ಮಗ ಬರ್ಲಿ. ಅವನು ಹೇಳಿದ ಹಾಗೆ."

ಮಗ ದೇವದಾಸ್ ಬಂದರಿನ ದಕ್ಕೆಯಲ್ಲಿ ದೋಣಿಗಳಿಂದ ಮೀನು ಇಳಿಸುವ ಕೆಲಸಕ್ಕೆ ಹೋಗಿದ್ದ. ಪೇಟೆಯ ಬಸ್ಸು ಬೆಳಿಗ್ಗೆಯೇ ಹೋಗಿಯಾಗಿತ್ತು. ಪಕ್ಕದ ಮನೆಯ ಬೂಬ ಎಂಬಾತನ ಬಳಿ ಸೈಕಲ್ ಇತ್ತು. ದೇವದಾಸನನ್ನು ಕರೆತರಲು ಅವನನ್ನು ಕಳಿಸಿದೆವು. ಅವನು ಹೋಗಿ, ಹುಡುಕಿ, ಇಬ್ಬರೂ ವಾಹನ ಹಿಡಿದು ಬರುವುದೆಂದರೆ ಮಧ್ಯಾಹ್ನ ಕಳೆಯುವುದು ಖಂಡಿತ.

ಲಕ್ಷ್ಮೀ ಹೊರಗೆ ಹೋಗೆಂದರೂ ಡುಲ್ಸಿನ್ ಹೋಗಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕುಳಿತು, ಗಂಜಿಯ ತಿಳಿಗೆ ಉಪ್ಪು ಬೆಲ್ಲ ಹಾಕಿಸಿ, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸತೊಡಗಿದಳು. ಅರ್ಧ ಹೊರಗೆ ಬರುತ್ತಿತ್ತು. ಮತ್ತೆ ಕುಡಿಸುತ್ತಿದ್ದಳು. ಲಕ್ಷ್ಮೀ ಎದುರಿನ ಕಂಬಕ್ಕೊರಗಿ ಕುಳಿತು ಅವಳ ಕೈಯನ್ನೇ ನೋಡುತ್ತಿದ್ದಳು. ನಾನೂ ಅದನ್ನೇ ನೋಡುತ್ತಿದ್ದೆ. ಚಮಚ ಬಟ್ಟಲಿನಿಂದ ಮೇಲೆ ಬಂದ ಪ್ರತಿ ಸಲವೂ ಅದು ಬಾಯಿಗೆ ಹೋಗುತ್ತದೆಯೇ ಹಣೆಗೆ ಹೋಗುತ್ತದೆಯೇ ಎಂದು ಕತ್ತು ಚಾಚುತ್ತಿದ್ದೆ. ಲಕ್ಷ್ಮೀಯ ಕಣ್ಣಿಗೆ ಏನಾದರೂ ಬಿದ್ದರೆ ಅವಳು ಕೂಸನ್ನು ಕಿತ್ತುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಆಸ್ಪತ್ರೆಯೂ ಇಲ್ಲ, ಗಂಜಿಯ ತಿಳಿಯೂ ಇಲ್ಲ.

ಡಾಲಿ ಡುಲ್ಸಿನ್‌ಳ ಕಿವಿಯ ಹತ್ತಿರ ಬಗ್ಗಿ ಕೊಂಕಣಿಯಲ್ಲಿ ಪಿಸುಗುಟ್ಟಿದಳು: "ಬಾಯಿ, ಹಣೆಗೆ ನೀರು ಹಾಕುವುದಿಲ್ಲವಾ? ದಾರಿಯಲ್ಲೇ ಹೋಗಿಬಿಟ್ಟರೆ?"

ನಾನು ಡಾಲಿಯನ್ನು ಬಿಡಾರಕ್ಕೆ ಕಳಿಸಿಬಿಟ್ಟೆ. ಕೂಸು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಡುಲ್ಸಿನ್ ಅದನ್ನು ತಾಯಿಗೆ ಕೊಟ್ಟು ಬಾವಿಕಟ್ಟೆಗೆ ಕೈ ತೊಳೆಯಲು ಬಂದಾಗ ಅವಳನ್ನು ತಡೆದೆ.

"ಬಾಯಿ, ಆ ಕೆಲಸ ಬೇಡ. ನಾನು ಮಾತು ಕೊಟ್ಟಿದ್ದೇನೆ."

"ಮಿಸ್, ನೀವು ಎಂ.ಎ. ಮಾಡಿದವರು. ಈ ಕೂಸು ಹೀಗೇ ಹೋದರೆ ದೇವರ ಮುಖ ಕಾಣುವುದಿಲ್ಲ. ಅದಕ್ಕೆ ನಾಳೆ ಎಂತ ಉತ್ತರ ಕೊಡ್ತೀರಿ? ಪಟೇಲರಿಗೆ ಮಾತು ಕೊಟ್ಟಿದ್ದೆ ಅಂತಲಾ?"

"ಲಕ್ಷ್ಮೀ ನೋಡಿದರೆ ಕೂಸು ಇಲ್ಲೇ ಸಾಯ್ತದೆ."

"ಅವಳು ನೋಡದ ಹಾಗೆ ಮಾಡ್ಲಿಕ್ಕೆ ನನಗೆ ಬರ್ತದೆ," ಎಂದಳು ಡುಲ್ಸಿನ್. ಕೈ ಒರೆಸಿಕೊಂಡು ಹೋದಳು.

ನಮ್ಮ ಕ್ರೈಸ್ತ ಧರ್ಮಶಾಸ್ತ್ರದ ಪ್ರಕಾರ ಅವಳ ಕಡೆಗೇ ನ್ಯಾಯವಿತ್ತು. ಅದು ನನಗೂ ಗೊತ್ತಿತ್ತು. ಅವಳು ಹೇಳಿದ್ದನ್ನು ಅವಳು ಅಕ್ಷರಶಃ ನಂಬಿದ್ದಳು ಎಂಬುದನ್ನು ಇಂದಿನ ಓದುಗರು ಮರೆಯಬಾರದು.

ಬಿಸಿಲು ವಾಲುವ ಹೊತ್ತಿಗೆ ಹಂಚಿನ ಕಾರ್ಖಾನೆಗೆ ಗದ್ದೆಯ ಜೇಡಿಮಣ್ಣು ಸಾಗಿಸುವ ಲಾರಿಯೊಂದು ಬಂತು. ದೇವದಾಸ್ ಅದರಿಂದ ಜಿಗಿದ. ಚಾಲಕ ಕಬೀರ್ ಅವನ ಪರಿಚಯದವನು. ಇಂಜಿನ್ ನಿಲ್ಲಿಸದೆಯೇ ಕೂಗಿದ: "ಬೇಗ ಮಾರಾಯ, ಇದು ಒಮ್ಮೆ ನಿಂತರೆ ಮತ್ತೆ ನನ್ನ ಮಾತು ಕೇಳುದಿಲ್ಲ!"

ಲಕ್ಷ್ಮೀ ಮಗನಿಗೆ ಎಲ್ಲವನ್ನೂ ಹೇಳಿದಳು. "ಇವರ ಜೊತೆ ಬೇಡ."

"ಅಮ್ಮ, ಬಸ್ಸು ಇನ್ನು ನಾಳೆ. ಇವನು ನಾಳೆವರೆಗೆ ಉಂಟಾ?"

ಲಕ್ಷ್ಮೀ ಸೊಸೆಯ ತೋಳು ಹಿಡಿದು, ನಮಗೆ ಕೇಳಿಸುವಂತೆಯೇ, "ದಾರಿಯಲ್ಲಿ ಕಣ್ಣು ಮುಚ್ಚಬೇಡ. ಅವಳ ಕೈ ನೋಡ್ತಾ ಇರು," ಎಂದಳು.

ಚಾಲಕನ ಪಕ್ಕದಲ್ಲಿ ಇಬ್ಬರಿಗೆ ಮಾತ್ರ ಜಾಗ. ಜಲಜಾಕ್ಷಿಗೆ ನಿತ್ರಾಣದಿಂದ ಕೈ ನಡುಗುತ್ತಿತ್ತು, ಆದ್ದರಿಂದ ಕೂಸು ಡುಲ್ಸಿನ್‌ಳ ತೊಡೆಯ ಮೇಲೆ. ನಾನೂ ದೇವದಾಸನೂ ಹಿಂದೆ, ಮಣ್ಣು ಮೆತ್ತಿದ ಹಲಗೆಗಳ ಮೇಲೆ ನಿಂತೆವು. ಚಾಲಕನ ಬೆನ್ನ ಹಿಂದೆ ಸರಳುಗಳ ಒಂದು ಕಿಂಡಿ ಇತ್ತು. ಅದನ್ನು ಹಿಡಿದುಕೊಂಡು ನಾನು ಒಳಗೆ ನೋಡುತ್ತಿದ್ದೆ. ನೋಡಬಹುದಿತ್ತು, ಅಷ್ಟೇ. ಕೈ ಹಾಕುವಂತಿರಲಿಲ್ಲ. ಇಂಜಿನ್ನಿನ ಗದ್ದಲದಲ್ಲಿ ಕೂಗಿದರೂ ಕೇಳಿಸುವಂತಿರಲಿಲ್ಲ.

ವಾಮಂಜೂರು ದಾಟಿದ ಮೇಲೆ ಜಲಜಾಕ್ಷಿಯ ತಲೆ ವಾಲತೊಡಗಿತು. ಒಮ್ಮೆ ಎಚ್ಚೆತ್ತು ಕೂತಳು, ಮತ್ತೊಮ್ಮೆ ವಾಲಿದಳು. ಕುಲಶೇಖರ ಬರುವ ಹೊತ್ತಿಗೆ ಡುಲ್ಸಿನ್‌ಳ ಭುಜದ ಮೇಲೆ ತಲೆಯಿಟ್ಟು ನಿದ್ರೆ ಹೋಗಿದ್ದಳು. ಬೇನೆಯಲ್ಲಿ ಬೆಂದ ಹೆಣ್ಣು, ಅವಳ ತಪ್ಪಲ್ಲ. ಡುಲ್ಸಿನ್ ಬಗ್ಗಿ ಕೂಸಿನ ಮೂಗಿನ ಹತ್ತಿರ ಕೆನ್ನೆ ಹಿಡಿದು ಉಸಿರು ನೋಡಿದಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ನೋಡಿದಳು. ಎರಡನೆಯ ಸಲ ಬಹಳ ಹೊತ್ತು ತಲೆ ಎತ್ತಲಿಲ್ಲ.

ನಂತೂರಿನ ಏರಿನಲ್ಲಿ ಲಾರಿ ಕಾದು ಹಬೆಯುಗುಳಿ ನಿಂತಿತು. ಕಬೀರ್ ಬೈಯುತ್ತ ಇಳಿದ. ದೇವದಾಸ್ ಚಕ್ರಕ್ಕೆ ಕಲ್ಲು ಕೊಡಲು ಓಡಿದ. ಕಬೀರ್ ದಾರಿಬದಿಯ ಮನೆಯೊಂದರಿಂದ ಡಬ್ಬಿಯಲ್ಲಿ ನೀರು ತಂದ.

ಸಂಜೆ ಸರಕಾರಿ ಆಸ್ಪತ್ರೆಯಲ್ಲಿ ಕೂಸಿನ ಪ್ರಾಣ ಉಳಿಸಿದರು. ಅದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಆದರೆ ನಂತೂರಿನಲ್ಲಿ ಅದು ಉಳಿದೀತು ಎನ್ನುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಸಾಯುವ ಕೂಸುಗಳನ್ನು ಕಂಡು ಪಳಗಿದ್ದ ಡುಲ್ಸಿನ್ ಅಂತೂ ಅದು ಹೋಗುತ್ತಿದೆ ಎಂದೇ ತಿಳಿದಿದ್ದಳು. ಆಮೇಲೆ ಡಾಕ್ಟರರಿಗೂ ಹಾಗೆಯೇ ಹೇಳಿದಳು.

ಇಂಜಿನ್ ನಿಂತದ್ದರಿಂದ ಈಗ ಎಲ್ಲವೂ ಕೇಳಿಸುತ್ತಿತ್ತು. ಅವಳು ಕಿಟಕಿಯಿಂದ ಕೈ ಚಾಚಿದಳು.

"ಕಬೀರ್, ಸ್ವಲ್ಪ ನೀರು ಹಾಕು."

"ಬಾಯಿ, ಇದು ಲಾರಿಗೆ ತಂದದ್ದು. ಕುಡಿಯುವ ನೀರಲ್ಲ."

"ಕುಡಿಯಲಿಕ್ಕಲ್ಲ."

ಅವನು ಅವಳ ಅಂಗೈಗೆ ನೀರು ಸುರಿದು ಮುಂದಕ್ಕೆ ಹೋದ. ಲಾರಿಯ ಮೂತಿಯ ಮುಚ್ಚಳ ಎತ್ತಿದ್ದರಿಂದ ಅವನಿಗೆ ಒಳಗಿನದು ಕಾಣುತ್ತಿರಲಿಲ್ಲ. ದೇವದಾಸ್ ಚಕ್ರದ ಬಳಿ ಬಗ್ಗಿದ್ದ. ತಾಯಿ ನಿದ್ರೆಯಲ್ಲಿದ್ದಳು. "ಬಾಯಿ!" ಎಂದು ನಾನು ಸರಳುಗಳ ಹಿಂದಿನಿಂದ ಕರೆದೆ. ಅವಳು ತಿರುಗಲಿಲ್ಲ. ಬೊಗಸೆ ಮಾಡಿದ ಕೈ ಕೂಸಿನ ಹಣೆಯ ಮೇಲಕ್ಕೆ ಬಂದು ನಿಂತಿತು.

ಅವಳು ಮೊಣಕೈಯಿಂದ ಜಲಜಾಕ್ಷಿಯನ್ನು ತಿವಿದಳು.

"ಏಳು ಮಗ. ಎದ್ದು ನೋಡು. ನನ್ನ ಕೈಯಲ್ಲಿ ನೀರು ಉಂಟು. ನಮ್ಮ ಕ್ರಮದ ಹಾಗೆ ಇವನ ಹಣೆಗೆ ಹಾಕಿ, ನಮ್ಮ ದೇವರ ಹೆಸರು ಹೇಳಬೇಕು ಅಂತ ನನಗೆ ಆಸೆ. ಹಾಕಲಾ?"

ಜಲಜಾಕ್ಷಿ ಗಾಬರಿಯಿಂದ ಕೂಸಿನ ಮುಖವನ್ನೂ ಅವಳ ಕೈಯನ್ನೂ ನೋಡಿದಳು.

"ಬೇಡ ಬಾಯಿ. ದಮ್ಮಯ್ಯ, ಬೇಡ."

ಡುಲ್ಸಿನ್ ಕೈಯನ್ನು ಕಿಟಕಿಯ ಹೊರಗೆ ಚಾಚಿ ತಲೆಕೆಳಗು ಮಾಡಿದಳು. ನೀರು ರಸ್ತೆಯ ಕೆಂಪು ಧೂಳಿನ ಮೇಲೆ ಬಿತ್ತು. ಆಮೇಲೆ ಸೆರಗಿನಿಂದ ಅಂಗೈಯನ್ನೂ ಬೆರಳುಗಳ ಸಂದುಗಳನ್ನೂ ಒರೆಸಿಕೊಂಡಳು, ಒಮ್ಮೆ ಕೆನ್ನೆಗೆ ಒತ್ತಿ ಒಣಗಿದೆಯೇ ಎಂದು ನೋಡಿಕೊಂಡಳು, ಮತ್ತೊಮ್ಮೆ ಒರೆಸಿದಳು. ಅದಾದ ಮೇಲೆಯೇ ಆ ಕೈಯನ್ನು ಕೂಸಿನ ತಲೆಯ ಕೆಳಗೆ ಇಟ್ಟಳು.