ಆರು ಕಾಣುವ ಕಣ್ಣು

ಉಪ್ಪ, ಅಂದರೆ ನನ್ನ ಅಪ್ಪ, ಬಂಟ್ವಾಳ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಆದರೆ ನರಿಕೊಂಬಿನ ನಮ್ಮ ಸುತ್ತಿನವರಿಗೆ ಅವರು ಚಂದ್ರ ನೋಡುವವರು. ರಮ್ಝಾನಿನ ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ನಮ್ಮ ಟೆರೇಸಿನಿಂದ ಎಳೆಚಂದ್ರ ಕಂಡರೆ ಮಸೀದಿಗೆ ಹೋಗಿ ಸಾಕ್ಷಿ ಹೇಳುತ್ತಿದ್ದರು. ಸಾಕ್ಷಿ ಒಪ್ಪಿಗೆಯಾದರೆ ಮರುದಿನ ಹಬ್ಬ, ಇಲ್ಲವಾದರೆ ಇನ್ನೊಂದು ಉಪವಾಸ. ಇಷ್ಟು ಜನ ನಮ್ಮ ಉಪ್ಪನ ಕಣ್ಣನ್ನು ನಂಬಿದ್ದಾರೆ ಎಂಬ ಜಂಬ ಅವರಿಗಿಂತ ನನಗೇ ಹೆಚ್ಚಿತ್ತು.

ಆ ಕಣ್ಣನ್ನು ಅವರು ಪರೀಕ್ಷೆ ಮಾಡಿಕೊಳ್ಳುತ್ತಿದ್ದುದು ಕೃತ್ತಿಕೆಯ ಗೊಂಚಲಿನಲ್ಲಿ. ನನಗೆ ಅದನ್ನು ತೋರಿಸಿಕೊಟ್ಟಾಗ ಏಳು ವರ್ಷ. ಮೊದಲು ಬರಿಯ ಮಸುಕು ಕಲೆ, ಚಾದರದ ಮೇಲೆ ಹಾಲು ಬಿದ್ದ ಹಾಗೆ. ನೇರ ದಿಟ್ಟಿಸಬೇಡ, ಸ್ವಲ್ಪ ಪಕ್ಕಕ್ಕೆ ನೋಡು ಎಂದರು. ಹಾಗೆ ನೋಡಿದಾಗ ಕಲೆ ಬಿಡಿಬಿಡಿಯಾಗಿ ಆರು ಚುಕ್ಕಿಗಳಾಯಿತು. ಆರು ಕಾಣದವ ಚಂದ್ರನ ಸಾಕ್ಷಿಗೆ ಹೋಗಬಾರದು ಎಂಬುದು ಉಪ್ಪನದೇ ಕಾನೂನು. ಮುಂದೆ ನಾನು ಮೂಡುಬಿದಿರೆಯಲ್ಲಿ ಟೀಚರಾದೆ. ಅದು ಒಂದೇ ಮೋಡದಿಂದ ಹುಟ್ಟಿದ ನೂರಾರು ನಕ್ಷತ್ರಗಳ ಗುಂಪು, ಬರಬರುತ್ತಾ ಚದುರಿಹೋಗುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದೆ. ಆದರೂ ನನ್ನ ಲೆಕ್ಕದಲ್ಲಿ ಅದು ಆರೇ.

ಮೂರು ವರ್ಷದ ಹಿಂದಿನ ರಮ್ಝಾನ್ ಬೇಸಿಗೆಯಲ್ಲಿ ಬಂದಿತ್ತು, ಶಾಲೆಗೆ ರಜೆಯಾದ್ದರಿಂದ ನಾನು ಮನೆಯಲ್ಲಿದ್ದೆ. ಕೊನೆಯ ವಾರದಲ್ಲೊಂದು ಸಂಜೆ ಉಪವಾಸ ಬಿಟ್ಟು, ನಮಾಝ್ ಮುಗಿಸಿ, ಉಪ್ಪನೂ ನಾನೂ ಕೃತ್ತಿಕೆ ನೋಡಲು ಟೆರೇಸು ಹತ್ತಿದೆವು. ಪಡುವಣದಲ್ಲಿ ತೆಂಗಿನ ಮರಗಳ ಮೇಲೆ ಮಂಜು ಕವಿದಂತಿತ್ತು. ನನಗೆ ಕಷ್ಟಪಟ್ಟು ಮೂರು ಕಂಡವು. ಉಪ್ಪ ನಿರಾಳವಾಗಿ ಆರು ಎಂದರು. ಅವರ ಮುಖ ಗೊಂಚಲಿನ ಕಡೆಗೇ ಇರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ಕೆಳಗೆ ಬಂದು ಉಮ್ಮನಿಗೆ ಹೇಳಿದೆ. ಹಬ್ಬ ಕಳೆಯಲಿ, ಡಾಕ್ಟರ ಹತ್ತಿರ ಹೋದರಾಯಿತು ಎಂದರು ಉಮ್ಮ. ನಾನೂ ಬಾಯಿ ಮುಚ್ಚಿಕೊಂಡೆ.

ಇಪ್ಪತ್ತೊಂಬತ್ತರ ಸಂಜೆ ಅಂಗಳದಲ್ಲಿ ನಾಲ್ಕೈದು ಮಂದಿ ಹಿರಿಯರು ಕಾಯುತ್ತಿದ್ದರು. ಮೇಲೆ ಉಪ್ಪ ಕೈ ಚಾಚಿ, "ಅಲ್ಲಿ ಉಂಟು ನೋಡು" ಎಂದರು. ನಾನು ನೋಡಿದೆ. ಮೋಡದ ಒಂದು ಹೊಳೆಯುವ ಅಂಚು, ಬೇರೇನೂ ಇಲ್ಲ. ಉಪ್ಪ ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು. ಸುಳ್ಳು ಸಾಕ್ಷಿ ಎಂದು ನಾಳೆ ಯಾರಾದರೂ ಅಂದರೆ ಎಂಬ ಹೆದರಿಕೆ ನನಗೆ. ಹೆದರಿದಾಗ ನನ್ನ ನಾಲಗೆಗೆ ಲಂಗುಲಗಾಮು ಇರುವುದಿಲ್ಲ.

"ಉಪ್ಪ, ನಿಮಗೆ ಆರು ಕಾಣುವುದಿಲ್ಲ. ನನಗೆ ಗೊತ್ತುಂಟು."

ಅವರು ನಿಂತರು. ಕೋಪಿಸಿಕೊಂಡಿದ್ದರೆ ನಾನು ಬದುಕುತ್ತಿದ್ದೆ. ಸರಿ ಎಂದಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಗೋಡೆ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಣಲಿಲ್ಲ ಎಂದು ಹಿರಿಯರಿಗೆ ತಿಳಿಸಿದರು.

ಅರ್ಧ ಗಂಟೆಯಲ್ಲಿ ಫೋನ್ ಬಂತು. ಕರಾವಳಿಯ ಬೇರೆ ಕಡೆ ಚಂದ್ರ ಕಂಡಿದೆ, ನಾಳೆ ಹಬ್ಬ. ಅಂದರೆ ಚಂದ್ರ ಅಲ್ಲೆಲ್ಲೋ ಇದ್ದದ್ದು ಹೌದು. ಉಪ್ಪ ನಿಜವಾಗಿಯೂ ಕಂಡಿದ್ದರೇ? ನಾನು ಕೇಳಲಿಲ್ಲ, ಅವರೂ ಆ ಮಾತೆತ್ತಲಿಲ್ಲ. ಹಬ್ಬದ ಬೆಳಿಗ್ಗೆ ನನ್ನ ತಲೆ ಸವರಿ, ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಬಡಿಸಿದರು.

ಆಮೇಲೆ ಡಾಕ್ಟರು, ಇಂಜೆಕ್ಷನ್ನು, ಲೇಸರ್ ಎಲ್ಲ ಆಯಿತು. ತಡವಾಗಿತ್ತು. ಮುಂದಿನ ರಮ್ಝಾನ್ ಹೊತ್ತಿಗೆ ಉಪ್ಪನಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಇಪ್ಪತ್ತೊಂಬತ್ತರ ಸಂಜೆ ಅವರು ಚಾವಡಿಯ ಕುರ್ಚಿಯಲ್ಲಿ ಕುಳಿತು ನನ್ನನ್ನು ಕರೆದರು.

"ನೀನು ಹೋಗಿ ನೋಡು ಮಗಳೇ. ನೀನು ಹೇಳಿದ್ದನ್ನೇ ನಾನು ಹೇಳ್ತೇನೆ."

ಒಬ್ಬಳೇ ಹತ್ತಿದೆ. ಆಕಾಶ ತೊಳೆದಿಟ್ಟಂತಿತ್ತು. ನಿಂತ ಕೂಡಲೇ ಕಣ್ಣು ತುಂಬಿತು. ಶಾಲಿನ ತುದಿಯಿಂದ ಒರೆಸಿದಷ್ಟೂ ತುಂಬಿತು. ಚಂದ್ರ ಇದೆಯೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ. ಕತ್ತಲಾದ ಮೇಲೆ ಇಳಿದು ಬಂದು, ಇಲ್ಲ ಎಂದೆ.

ಅಷ್ಟರಲ್ಲಿ ಮಸೀದಿಯಿಂದ ಫೋನ್ ಬಂದಿತ್ತು. ಉಪ್ಪ ಅದನ್ನು ಕಿವಿಗೆ ಹಿಡಿದು, ನಾನಿದ್ದ ಕಡೆ ಮುಖ ತಿರುಗಿಸಿ ಹೇಳಿದರು: "ಮಗಳು ನೋಡಿ ಬಂದಿದ್ದಾಳೆ. ಇಲ್ಲವಂತೆ. ಅವಳ ಕಣ್ಣು ಸರಿ ಉಂಟು."