ಮದುವೆಗೆ ಬಂದವರ ಸಹಿ

ಅಜ್ಜಿ ಇನ್ನೂ ಎಳೆಗೂಸಾಗಿದ್ದಾಗ ಅವಳ ತಾಯಿ ಒಂದು ಜರ್ಮನ್ ಕುಟುಂಬದ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿ ಮಗುವನ್ನು ಮಂಗಳೂರಲ್ಲೇ ಬಿಟ್ಟು ಹಡಗು ಹತ್ತಿದಳಂತೆ. ಆಮೇಲೆ ಯುದ್ಧ ಬಂತು, ಸುದ್ದಿ ನಿಂತಿತು. ಈಗ ತೊಂಬತ್ತರ ಅಂಚಿನಲ್ಲಿರುವ ಅಜ್ಜಿಯದು ಬುದ್ಧಿ ಬಂದಾಗಿನಿಂದ ಒಂದೇ ಮಾತು: "ಬಿಳಿ ಮಕ್ಕಳು ಸಿಕ್ಕಿದ ಮೇಲೆ ಅವಳಿಗೆ ನಾನು ಎಂತಕ್ಕೆ?"

ನಾನು ಜರ್ಮನಿಯ ಅಬ್‌ಸ್ಟಾಟ್‌ ಊರಿನಲ್ಲಿ ಕಾರಿನ ಬ್ರೇಕ್ ಪರೀಕ್ಷಿಸುವವಳು. ಅನುಮಾನಪಡುವುದೇ ಉದ್ಯೋಗ. ಅಜ್ಜಿಯ ಈ ಮಾತನ್ನೂ ಸುಮ್ಮನೆ ಒಪ್ಪಲಾಗಲಿಲ್ಲ. ರಜೆ ಸಿಕ್ಕಾಗಲೆಲ್ಲ ಮುತ್ತಜ್ಜಿಯನ್ನು ಹುಡುಕಿದೆ. ಹಡಗಿನ ದಾಖಲೆಯಲ್ಲಿ ನಮ್ಮ ಮನೆತನದ ಹೆಸರಿಗೆ ಒಂದು ಅಕ್ಷರ ಹೆಚ್ಚು, ಅಲ್ಲಿನ ಪುರಭವನವಾದ ರಾಥೌಸ್‌ನ ಕಡತದಲ್ಲಿ ಎರಡು ಕಡಿಮೆ. ಹೆಸರು ಬರೆಯಲು ಬಾರದಿದ್ದರೂ ಮುದ್ರೆಯನ್ನು ಮಾತ್ರ ಅಧಿಕಾರಿಗಳೆಲ್ಲ ಗಟ್ಟಿಯಾಗಿಯೇ ಒತ್ತಿದ್ದರು! ಅಲ್ಲಿಂದ ಮುಂದೆ ಜಾಡು ತಪ್ಪಿತು. ಉಳಿದದ್ದು ಒಂದೇ ಎಳೆ, ಆ ಜರ್ಮನ್ ಮನೆಯವರು ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ಎಂಬುದು.

ಅದನ್ನೇ ಹಿಡಿದು ಅವರ ಸಭೆಗೆ ಹೋದೆ. ಕ್ವೇಕರ್ ಸಭೆಯಲ್ಲಿ ಪಾದ್ರಿ ಇಲ್ಲ, ಹಾಡಿಲ್ಲ. ಎಲ್ಲರೂ ಮೌನವಾಗಿ ಕೂರುತ್ತಾರೆ. ಕಿವಿ ತೂತಾಗುವಂತೆ ಹಾಡುವ ಚರ್ಚಿನಲ್ಲಿ ಬೆಳೆದ ನನಗೆ ಇದೆಂಥ ಪ್ರಾರ್ಥನೆ ಅನ್ನಿಸಿತು. ಅವರ ಹಳೆಯ ಕಾಗದಗಳನ್ನು ಕಾಯುವ ವೃದ್ಧೆ ಒಂದು ಪದ್ಧತಿಯನ್ನು ಹೇಳಿದರು. ಅವರಲ್ಲಿ ಮದುವೆ ಪತ್ರಕ್ಕೆ ವಧೂವರರಷ್ಟೇ ಅಲ್ಲ, ಬಂದವರೆಲ್ಲ ಸಹಿ ಹಾಕುತ್ತಾರೆ. ಮನೆಗೆಲಸದವರೂ, ಮಕ್ಕಳೂ. ಆ ಮನೆಯ ಹಿರಿಮಗಳ ಮದುವೆಯ ಪತ್ರವನ್ನು ಮೇಜಿನ ಮೇಲೆ ಬಿಡಿಸಿ, ಮೂಲೆಯೊಂದನ್ನು ತೋರಿಸಿ, "ಇದನ್ನು ನಾವು ಬಳ್ಳಿಯ ಚಿತ್ತಾರ ಅಂದುಕೊಂಡಿದ್ದೆವು" ಎಂದರು.

ಅದು ಕನ್ನಡ. ದುಂಡಗಿನ ಅಕ್ಷರದಲ್ಲಿ ಮುತ್ತಜ್ಜಿಯ ಹೆಸರು, ಒಂದು ಕೊಂಬೂ ತಪ್ಪಿಲ್ಲ. ಅದರ ಕೆಳಗೆ ಅದೇ ಕೈಬರಹದಲ್ಲಿ ಇನ್ನೊಂದು ಹೆಸರಿತ್ತು. ಓದಿದೆ, ಮತ್ತೆ ಓದಿದೆ. ಅದು ಅಜ್ಜಿಯ ಹೆಸರು. ಸಾಗರದಾಚೆ ಬಿಟ್ಟು ಬಂದ ಮಗಳನ್ನು ಅವಳು ಆ ಸಹಿಯಲ್ಲೇ ಮದುವೆಗೆ ಕರೆತಂದಿದ್ದಳು. ವೃದ್ಧೆ ಪಕ್ಕದಲ್ಲಿ ಸುಮ್ಮನೆ ಕೂತರು. ಆಗ ಆ ಮೌನ ನನಗೂ ಪ್ರಾರ್ಥನೆಯಾಯಿತು.

ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಅಜ್ಜಿಗೆ ಪದ್ಧತಿಯನ್ನು ವಿವರಿಸಿ, ಪತ್ರ ತೋರಿಸಿದೆ.

"ಸಮಾ ಹಿಡಿ ಮಾರಾಯ್ತಿ, ಎಂತದೂ ಕಾಣೂದಿಲ್ಲ ನಂಗೆ!" ಎಂದು ಗದರಿದಳು. ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತನ್ನ ಹೆಸರಿಗೆ ಬಂದಾಗ ಪರದೆಯ ಮೇಲೆ ಬೆರಳಿಟ್ಟಳು. ಆಮೇಲೆ ಕೇಳಿದಳು:

"ಬಂದವರು ಮಾತ್ರ ಅಲ್ವಾ ಸಹಿ ಹಾಕೂದು?"

"ಹೌದು ಅಜ್ಜಿ."

"ಹಾಗಾದ್ರೆ ನಾನೂ ಹೋಗಿದ್ದೆ. ಅಮ್ಮನೊಟ್ಟಿಗೆ."