ಪಾಸ್‌ಪೋರ್ಟಿನ ಹುಲಿ

ಹಿಲರಿ ಮೇಡಂ ಮನೆ ಖಾಲಿ ಮಾಡುವ ಮುನ್ನ ಮಾರಾಟದ ಪಟ್ಟಿಯನ್ನು ನಿವಾಸಿಗಳ ಫೇಸ್‌ಬುಕ್ ಪುಟಕ್ಕೆ ಹಾಕಿದರು. ಚರ್ಮದ ಸೋಫಾ, ವೈನ್ ಇಡುವ ಫ್ರಿಜ್, ಬಾಲ್ಕನಿಯಲ್ಲಿ ಮಾಂಸ ಸುಡುವ ಒಲೆ, ಪರವಾನಗಿ ಸಮೇತ ಗಾಲ್ಫ್ ಬಂಡಿ. ಎಲ್ಲದರ ಕೊನೆಗೆ ಮಿಂಡಾ. ‘ನಮ್ಮ ಮನೆಯ ಬಂಗಾರ. ಹನ್ನೊಂದು ವರ್ಷದಿಂದ ಇದ್ದಾಳೆ. ನಾಯಿಗಳೆಂದರೆ ಪ್ರಾಣ. ಕುರಿಮಾಂಸದ ಪೈ ಮಾಡುವುದರಲ್ಲಿ ಎತ್ತಿದ ಕೈ.’

ಗಾಲ್ಫ್ ಬಂಡಿ ಇಪ್ಪತ್ತು ನಿಮಿಷದಲ್ಲಿ ಹೋಯಿತು. ಮೂನ್‌ಸ್ಟೋನ್ ಬೇ ಬಡಾವಣೆಯೊಳಗೆ ಕಾರು ಬಿಡುವುದಿಲ್ಲ, ಬಂಡಿಗಳ ಸಂಖ್ಯೆಯೂ ಇಷ್ಟೇ ಎಂದು ನಿಗದಿ, ಹಾಗಾಗಿ ಅದಕ್ಕೆ ಜನ ಮುಗಿಬಿದ್ದರು. ಬಂಗಾರವನ್ನು ಮಾತ್ರ ಯಾರೂ ಕೇಳಲಿಲ್ಲ.

ಮಿಂಡಾಳ ಪೂರ್ತಿ ಹೆಸರು ಲುಝ್ವಿಮಿಂಡಾ. ಲುಝಾನ್, ವಿಸಾಯಸ್, ಮಿಂಡನಾವೊ ಎಂದು ಇಡೀ ಫಿಲಿಪೀನ್ಸನ್ನೇ ಅಪ್ಪ ಮಗಳ ಹೆಸರಿಗೆ ತುರುಕಿದ್ದ. ಹೆಸರಿನಲ್ಲೇ ಅಷ್ಟು ದ್ವೀಪಗಳನ್ನು ಹೊತ್ತವಳು ಹಾಂಗ್‌ಕಾಂಗಿನ ಈ ಒಂದು ದ್ವೀಪದ ಅಂಚಿನಲ್ಲಿ, ಅಡುಗೆಮನೆಯ ಪಕ್ಕದ ಕೋಣೆಗಳಲ್ಲಿ ಇಪ್ಪತ್ತೈದು ವರ್ಷ ಮಲಗಿ ಎದ್ದಿದ್ದಳು. ಕಾಲು ಚಾಚಿದರೆ ಬಟ್ಟೆ ಒಗೆಯುವ ಯಂತ್ರಕ್ಕೆ ತಾಗುವಷ್ಟು ದೊಡ್ಡ ಕೋಣೆಗಳು.

ಈ ಕೊಲ್ಲಿಯಲ್ಲಿ ಮೊದಲಿನಿಂದಲೂ ಎರಡು ಬಗೆಯ ಪರದೇಶಿಗಳು. ಸ್ವಂತ ದೋಣಿ ಇಟ್ಟುಕೊಂಡ ಪರದೇಶಿಗಳು ಒಂದು ಬಗೆ; ಅವರ ಮನೆ ಒರೆಸುವ, ನಿಜಕ್ಕೂ ಪರದೇಶಿಗಳಾದವರು ಇನ್ನೊಂದು. ನಾಲ್ಕೈದು ವರ್ಷಗಳಿಂದ ಮೊದಲನೆಯ ಬಗೆ ಕರಗುತ್ತಿತ್ತು. ಪೈಲಟ್‌ಗಳು, ಬ್ಯಾಂಕಿನವರು ಒಬ್ಬೊಬ್ಬರಾಗಿ ನಾಯಿಗೂ ಟಿಕೆಟ್ ಮಾಡಿಸಿ ಹೊರಟುಹೋದರು. ಚೀನಾದ ಒಳನಾಡಿನಿಂದ ಹೊಸ ಸಂಸಾರಗಳು ಬಂದವು, ಜೊತೆಗೆ ಅತ್ತೆಯರೂ ಬಂದರು. ಬಿಯರ್ ಅಂಗಡಿಯಿದ್ದ ಜಾಗದಲ್ಲಿ ಹನ್ನೆರಡು ಬಗೆಯ ವಿನಿಗರ್ ಮಾರುವ ಅಂಗಡಿ ಎದ್ದಿತು. ಇಂಗ್ಲಿಷ್ ಭಾನುವಾರದ ಹುರಿದ ಮಾಂಸ, ನಾಯಿಯ ಹಲ್ಲುಜ್ಜುವುದು, ಕ್ರಿಸ್‌ಮಸ್ ಮರಕ್ಕೆ ದೀಪ ಸುತ್ತುವುದು – ಮಿಂಡಾ ಕಲಿತ ವಿದ್ಯೆಯೆಲ್ಲ ಚಲಾವಣೆ ನಿಂತ ನೋಟಿನಂತಾಯಿತು.

ಹಿಲರಿ ಮೇಡಂ ವಿಮಾನ ಹತ್ತಿದ ದಿನದಿಂದ ವೀಸಾ ಕಾನೂನಿನಂತೆ ಅವಳಿಗೆ ಉಳಿದದ್ದು ಹದಿನಾಲ್ಕು ದಿನ. ಅಷ್ಟರೊಳಗೆ ಹೊಸ ಮನೆಯ ಕರಾರಿಗೆ ಸಹಿ ಬೀಳದಿದ್ದರೆ ಊರಿಗೆ ಹೋಗಬೇಕು. ಹೋದರೆ ಹೋದಂತೆಯೇ. ಪಾಸ್‌ಪೋರ್ಟಿನ ಪ್ರಕಾರ ಬರುವ ಸೆಪ್ಟೆಂಬರಿಗೆ ಅವಳಿಗೆ ಐವತ್ತು, ಐವತ್ತಾದವಳನ್ನು ಮನಿಲಾದಿಂದ ಮತ್ತೆ ಯಾವ ಏಜೆನ್ಸಿಯೂ ಕರೆಸುವುದಿಲ್ಲ. ಊರಿನಲ್ಲಿ ಮಗಳು ಜೊಯ್ಸೆಲ್‌ಳ ನರ್ಸಿಂಗ್ ಓದು ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು.

ಚರ್ಚಿನವರ ಆಶ್ರಯದ ಮನೆಯಲ್ಲಿ ಮೂರು ಮಜಲಿನ ಮಂಚದ ಮೇಲ್ಮಜಲಿನಲ್ಲಿ ಮಲಗಿ ಮಿಂಡಾ ದಿನ ಎಣಿಸಿದಳು. ಆರನೆಯ ದಿನ ಗೆಳತಿ ಪೂರಿಂಗ್ ಸುದ್ದಿ ತಂದಳು.

"ನಮ್ಮ ಟವರಿನ ಒಂಬತ್ತನೇ ಮಹಡೀಲಿ ಬಸುರಿ ಇದಾಳೆ. ಅತ್ತೆ ಉತ್ತರ ಚೀನಾದ ಶೆನ್ಯಾಂಗಿನೋಳು. ಕಡುಬು ಮಾಡೋಕ್ ಬರ್ಬೇಕಂತೆ."

"ನಂಗೆಲ್ಲಿ ಬರತ್ತೆ ಅಕ್ಕ?"

"ಪೈ ಬರತ್ತಲ್ಲ. ಅದ್ನೇ ಚಿಕ್ಕದು ಮಾಡಿ ನೀರಿಗೆ ಹಾಕು."

ಪೂರಿಂಗಳ ಯಜಮಾನರು ಇಲ್ಲದ ಮಧ್ಯಾಹ್ನಗಳಲ್ಲಿ ಎರಡು ದಿನ ಅಭ್ಯಾಸ ನಡೆಯಿತು. ಮೊದಲ ದಿನದ ಕಡುಬುಗಳು ಕುದಿಯುವ ನೀರಿನಲ್ಲಿ ಬಾಯಿಬಿಟ್ಟವು. ಎರಡನೆಯ ದಿನ ಬಾಯಿ ಮುಚ್ಚಿಕೊಂಡವು.

ಒಂಬತ್ತನೆಯ ಮಹಡಿಯ ಆ ಮನೆಯ ಬಾಡಿಗೆಯಲ್ಲಿ ಅರ್ಧಕ್ಕರ್ಧ ಸಮುದ್ರದ ನೋಟಕ್ಕೇ ಸಲ್ಲುತ್ತಿತ್ತು. ಗಾಳಿ ಬಸುರಿಗೆ ಆಗಿಬರುವುದಿಲ್ಲವೆಂದು ಅತ್ತೆ ಕಿಟಕಿ ಜಡಿದು ಪರದೆ ಎಳೆದಿದ್ದಳು. ಸೊಸೆ ಶುಯಾನ್ ಐದು ತಿಂಗಳ ಬಸುರಿ, ಹಸನ್ಮುಖಿ, ಒಳ್ಳೆಯ ಇಂಗ್ಲಿಷ್. ಅತ್ತೆ ಚಿಯಾವ್ ಅಜ್ಜಿಗೆ ಮ್ಯಾಂಡರಿನ್ ಒಂದೇ. ಮಿಂಡಾ ಬೇಯಿಸಿಟ್ಟ ಕಡುಬನ್ನು ಅಜ್ಜಿ ಬೆಳಕಿಗೆ ಹಿಡಿದು ನೋಡಿ, ಕಚ್ಚಿ, ನಿಧಾನವಾಗಿ ನುಂಗಿ ಏನೋ ಅಂದಳು.

"ಪಾಸಾಯ್ತು ಅಕ್ಕ," ಎಂದಳು ಶುಯಾನ್. "ನಮ್ಮತ್ತೆ ಬಾಯಲ್ಲಿ ‘ತಿನ್ನಬಹುದು’ ಅಂದ್ರೆ ಚಿನ್ನದ ಪದಕ. ನಂಗಿನ್ನೂ ಸಿಕ್ಕಿಲ್ಲ."

ಆಮೇಲೆ ಅಜ್ಜಿ ಪಾಸ್‌ಪೋರ್ಟ್ ಕೇಳಿದಳು. ಹುಟ್ಟಿದ ವರ್ಷ ನೋಡಿ ಬೆರಳ ಗೆಣ್ಣುಗಳ ಮೇಲೆ ಚೀನೀ ಪಂಚಾಂಗದ, ವರ್ಷಕ್ಕೊಂದರಂತೆ ಬರುವ ಹನ್ನೆರಡು ಪ್ರಾಣಿಗಳನ್ನು ಎಣಿಸತೊಡಗಿದಳು. ಒಂದು ಗೆಣ್ಣಿನ ಮೇಲೆ ಬೆರಳು ನಿಂತಿತು. ಪಾಸ್‌ಪೋರ್ಟನ್ನು ಬಿಸಿ ಪಾತ್ರೆಯ ಹಾಗೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟಳು.

ಶುಯಾನ್ ತಲೆ ತಗ್ಗಿಸಿದಳು. "ಎಪ್ಪತ್ನಾಲ್ಕು ಹುಲಿ ವರ್ಷ ಅಕ್ಕ. ನನ್ನ ಮಗು ಡ್ರ್ಯಾಗನ್ ವರ್ಷದ್ದು. ಒಂದೇ ಸೂರಿನಡಿ ಎರಡೂ ಇದ್ರೆ ಕಾಳಗ ಅಂತಾರೆ ಅತ್ತೆ. ನಾನಿದನ್ನೆಲ್ಲ ನಂಬಲ್ಲ. ಆದ್ರೆ ಅವರ ಜೊತೆ ಬಾಳ್ವೆ ಮಾಡೋಳು ನಾನು ನೋಡಿ."

ಮಿಂಡಾಳ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಅವಳು ಹುಟ್ಟಿದ್ದು ಎಪ್ಪತ್ತಾರರಲ್ಲಿ. ಅಪ್ಪಟ ಡ್ರ್ಯಾಗನ್. ಊರಿನಿಂದ ಹೊರಟಾಗ ಏಜೆಂಟನಿಗೆ ಇಪ್ಪತ್ತೈದು ತುಂಬಿದವಳೇ ಬೇಕಿತ್ತು, ಅವಳಿಗೆ ಇಪ್ಪತ್ತಮೂರು. ತಡವಾಗಿ ಜನನ ನೋಂದಣಿ ಮಾಡಿಸುವ ಒಂದು ಅರ್ಜಿ, ಎರಡು ಸಾಕ್ಷಿ, ಗುಮಾಸ್ತನಿಗೊಂದು ಕೋಳಿ; ಒಂದೇ ಮಧ್ಯಾಹ್ನದಲ್ಲಿ ಎರಡು ವರ್ಷ ದೊಡ್ಡವಳಾದಳು. ಊರಿನ ಅರ್ಧ ಹುಡುಗಿಯರು ಬೆಳೆದು ದೊಡ್ಡವರಾದದ್ದೇ ಆ ಕಚೇರಿಯಲ್ಲಿ. ಆಮೇಲೆ ಇಪ್ಪತ್ತೈದು ವರ್ಷ, ಒಂದೊಂದು ವೀಸಾ ಅರ್ಜಿಯ ಮೇಲೂ ಅದೇ ಸುಳ್ಳು, ಅದರ ಕೆಳಗೆ ಅವಳದೇ ಸಹಿ.

ದೋಣಿಕಟ್ಟೆಯ ಬೆಂಚಿನ ಮೇಲೆ ಪೂರಿಂಗ್ ತೀರ್ಪು ಕೊಟ್ಟಳು. "ಬಾಯಿ ಬಿಡ್ಬೇಡ ಕಣೆ. ಬಿಟ್ರೆ ಜೈಲು."

"ಬಿಡ್ದಿದ್ರೆ ವಿಮಾನ."

"ವಿಮಾನದಲ್ಲಿ ಊಟನಾದ್ರೂ ಕೊಡ್ತಾರೆ."

"ಜೈಲಲ್ಲೂ ಕೊಡ್ತಾರಕ್ಕ. ಅಲ್ಲಿ ದಿನಾ ಕೊಡ್ತಾರೆ."

ಇಬ್ಬರೂ ನಕ್ಕರು. ಪೂರಿಂಗ್ ಮೊದಲು ನಗು ನಿಲ್ಲಿಸಿದಳು.

ಮತ್ತೆ ಮೂರು ಮನೆ ನೋಡಿದ್ದಾಯಿತು. ಒಂದರಲ್ಲಿ ಮ್ಯಾಂಡರಿನ್ ಬೇಕಿತ್ತು, ಒಂದರಲ್ಲಿ ಮೂವತ್ತರೊಳಗಿನವಳು ಬೇಕಿತ್ತು, ಇನ್ನೊಂದರಲ್ಲಿ ಬಾಗಿಲೇ ತೆರೆಯಲಿಲ್ಲ. ಹನ್ನೆರಡನೆಯ ಬೆಳಿಗ್ಗೆ ಸಮುದ್ರದಂಡೆಯ ಹಾದಿಯಲ್ಲಿ ಚಿಯಾವ್ ಅಜ್ಜಿ ಒಬ್ಬಳೇ ತೋಳು ಬೀಸುತ್ತ ಹಿಮ್ಮುಖವಾಗಿ ನಡೆಯುತ್ತಿದ್ದಳು. ಮೊಣಕಾಲಿಗೆ ಒಳ್ಳೆಯದೆಂದು ಅವಳ ಓರಗೆಯವರೆಲ್ಲ ಹಾಗೇ ನಡೆಯುತ್ತಾರೆ. ಹಿಮ್ಮುಖವಾಗಿಯೇ ಬಂದು ಮಿಂಡಾಳಿಗೆ ಡಿಕ್ಕಿ ಹೊಡೆದಳು.

ಅಜ್ಜಿ ಫೋನು ತೆಗೆದು ಅದಕ್ಕೇನೋ ಹೇಳಿದಳು. ಅದು ಗಂಡಸಿನ ದನಿಯಲ್ಲಿ ಇಂಗ್ಲಿಷ್ ಆಡಿತು. "ನೀನು ಮಾಡಿದ ಕಡುಬು ಚೆನ್ನಾಗಿತ್ತು. ನಿನ್ನ ವರ್ಷವೇ ಕೆಟ್ಟದು." ಆಮೇಲೆ ಉತ್ತರಕ್ಕಾಗಿ ಫೋನನ್ನು ಮಿಂಡಾಳ ಬಾಯಿಯ ಬಳಿ ಹಿಡಿದಳು.

ಉಳಿದದ್ದು ಎರಡು ದಿನ. ಮಿಂಡಾ ಹಿಂದೆ ಮುಂದೆ ನೋಡಿ ಫೋನಿಗೆ ಪಿಸುಗುಟ್ಟಿದಳು: "ಪಾಸ್‌ಪೋರ್ಟ್ ಸುಳ್ಳು ಅಜ್ಜಿ. ನಾನು ಹುಟ್ಟಿದ್ದು ಎಪ್ಪತ್ತಾರರಲ್ಲಿ."

ಫೋನಿಗೆ ಪಿಸುಗುಟ್ಟಲು ಬರುತ್ತಿರಲಿಲ್ಲ. ಅದೇ ಗಂಡಸಿನ ದನಿ ಅದನ್ನು ದೋಣಿಕಟ್ಟೆಯವರೆಗೂ ಕೇಳುವಂತೆ ಚೀನೀ ಭಾಷೆಯಲ್ಲಿ ಸಾರಿತು. ಗಾಲ್ಫ್ ಬಂಡಿಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ. ಅಜ್ಜಿ ಗೆಣ್ಣು ಎಣಿಸಿದಳು. ಮುಖ ಅರಳಿತು. ತಿಂಗಳು ಯಾವುದು, ದಿನ ಯಾವುದು, ಹೊತ್ತು ಯಾವುದು ಎಂದು ಕೇಳಿ ಕೇಳಿ ತಿಳಿದುಕೊಂಡಳು. ಎಲ್ಲವೂ ಪರದೆಯ ಮೇಲೆ ಸಾಲುಸಾಲಾಗಿ ಮೂಡಿತು. ಅದನ್ನು ಅಳಿಸದೆಯೇ ಫೋನನ್ನು ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

ಮರುದಿನ ಸಹಿಯಾಯಿತು. ಅತ್ತೆ ಹೇಗೆ ಒಪ್ಪಿದರೆಂದು ಶುಯಾನ್‌ಗೆ ಆಶ್ಚರ್ಯ; ಅಜ್ಜಿ ಸೊಸೆಗೂ ಕಾರಣ ಹೇಳಿರಲಿಲ್ಲ. ಕಾಗದಪತ್ರ ಮುಗಿದು ಮಿಂಡಾ ಹೊಸ ಮನೆಗೆ ಬಂದಾಗ ಕಿಟಕಿಯ ಪರದೆ ಇನ್ನೂ ಎಳೆದೇ ಇತ್ತು.

ಮೊದಲ ಭಾನುವಾರ. ವಾರಕ್ಕೊಂದು ರಜೆ ಕಾನೂನಿನಲ್ಲೇ ಇದೆ, ಇಪ್ಪತ್ತೈದು ವರ್ಷದಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಮಿಂಡಾ ಲಿಪ್‌ಸ್ಟಿಕ್ ಹಚ್ಚಿ, ಪೂರಿಂಗಳಿಗೆಂದು ಮಾಡಿದ ಅನ್ನ-ಕೋಳಿಯ ಡಬ್ಬಿ ಹಿಡಿದು, ಅವಳ ಜೊತೆ ಪೇಟೆಗೆ ಹೋಗುವ ಒಂಬತ್ತರ ದೋಣಿಗೆಂದು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದಳು. ಮೇಜಿನ ಬಳಿ ಅಜ್ಜಿಯ ಮಗ ವಿಮೆಯ ಅರ್ಜಿ ತುಂಬಿಸುತ್ತಿದ್ದ.

"ಅಕ್ಕ, ನಿಮ್ಮ ವಯಸ್ಸೆಷ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಮಿಂಡಾ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅಡುಗೆಮನೆಯಿಂದ ಬಂದು ಮಗನಿಗೆ ಉತ್ತರ ಕೊಟ್ಟಳು. ಸಂತೆಯ ಸಂಖ್ಯೆಗಳಷ್ಟು ಮ್ಯಾಂಡರಿನ್ ಮಿಂಡಾಳಿಗೆ ತಿಳಿಯುತ್ತಿತ್ತು. ನಲವತ್ತೊಂಬತ್ತು ಅಂದಿದ್ದಳು; ಪಾಸ್‌ಪೋರ್ಟಿನ ವಯಸ್ಸು. ಮಗ ಬರೆದುಕೊಂಡ. ಅಜ್ಜಿ ಮಿಂಡಾಳತ್ತ ತಿರುಗಿ, ಮೊಮ್ಮಗಳನ್ನು ನೋಡುವಷ್ಟು ಅಕ್ಕರೆಯಿಂದ ನಕ್ಕಳು. ಆಮೇಲೆ ಬೆಳ್ಳುಳ್ಳಿ ಸೊಪ್ಪಿನ ದೊಡ್ಡ ಬುಟ್ಟಿ ತಂದು ಅವಳ ಮುಂದಿಟ್ಟು, ಸೊಸೆಯ ಕೋಣೆಯ ಕಡೆ ಕೈ ತೋರಿಸಿ, ಕಾಲು ಊದಿಕೊಂಡಿದೆ ಎಂಬಂತೆ ತನ್ನ ಪಾದ ಮುಟ್ಟಿ ತೋರಿಸಿದಳು.

"ಇವತ್ತು ಭಾನುವಾರ ಅಜ್ಜಿ," ಎಂದಳು ಮಿಂಡಾ.

ಅಜ್ಜಿ ತಲೆಯಾಡಿಸಿದಳು, ಭಾನುವಾರವೆಂದು ತನಗೂ ಗೊತ್ತೆಂಬಂತೆ. ಫೋನಿದ್ದ ಒಳಜೇಬಿನ ಮೇಲೆ ಒಮ್ಮೆ ಅಂಗೈ ಇಟ್ಟುಕೊಂಡಳು, ಅಷ್ಟೆ.

"ಅಮ್ಮ ಏನಂತಾರೆ ಅಕ್ಕ?" ಎಂದು ಮಗ ಅರ್ಜಿಯಿಂದ ತಲೆ ಎತ್ತದೆ ಕೇಳಿದ.

"ಏನಿಲ್ಲ ಸರ್. ಸ್ವಲ್ಪ ಸೊಪ್ಪು ಬಿಡಿಸ್ಬೇಕಂತೆ."

ಮಿಂಡಾ ಶೂ ಬಿಚ್ಚಿದಳು. ಪೂರಿಂಗಳಿಗೆ ‘ಮುಂದಿನ ವಾರ ಬರ್ತೀನಕ್ಕ’ ಎಂದು ಬರೆದಳು, ಅದನ್ನು ಅಳಿಸಿ ‘ನೋಡ್ತೀನಿ’ ಎಂದು ಕಳಿಸಿದಳು. ಬುಟ್ಟಿ ಎಳೆದುಕೊಂಡು ನೆಲದ ಮೇಲೆ ಕೂತು ಹಣ್ಣೆಲೆ ಆರಿಸತೊಡಗಿದಳು. ಮಗು ಹುಟ್ಟಲು ಇನ್ನೂ ನಾಲ್ಕು ತಿಂಗಳಿತ್ತು, ಕರಾರಿಗೆ ಎರಡು ವರ್ಷ.